ದುರಾಸೆಯೆಂಬ ಸುಲಭದ ತೀರ್ಪು

ಯಾರಾದರೊಬ್ಬರು ಮೋಸಹೋದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆಗೆ ತೀರ್ಪೂ ಸಿದ್ಧವಾಗಿರುತ್ತದೆ: "ದುರಾಸೆ, ಅನುಭವಿಸಲಿ." ಹಣ ಕಳೆದುಕೊಂಡವರು ನಿವೃತ್ತ ಅಧಿಕಾರಿಯೋ ಅಧ್ಯಾಪಕರೋ ಆಗಿದ್ದರೆ ಅದಕ್ಕೊಂದು ಒಗ್ಗರಣೆಯೂ ಬೀಳುತ್ತದೆ: "ಅಷ್ಟು ಓದಿದವರಿಗೆ ಇಷ್ಟೂ ತಿಳಿಯಲಿಲ್ಲವೇ?" ಈ ಎರಡು ಮಾತುಗಳ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ನನ್ನ ವಿದ್ಯಾರ್ಥಿಗಳಲ್ಲೂ ಬಂಧುಗಳಲ್ಲೂ ಇವನ್ನು ಆಡುವವರು ಅನೇಕರಿದ್ದೀರಿ. ಆದ್ದರಿಂದ ಮುಲಾಜಿಲ್ಲದೆ ಬರೆಯುತ್ತಿದ್ದೇನೆ.

ದುರಾಸೆಯೇ ಇಲ್ಲವೆಂದು ನಾನು ವಾದಿಸಲಾರೆ. ತಿಂಗಳಿಗೆ ನೂರಕ್ಕೆ ಹತ್ತು ರೂಪಾಯಿ ಕೊಡುತ್ತೇನೆಂದವನ ಬಾಗಿಲಿಗೆ ಸಾಲ ಮಾಡಿಕೊಂಡು ಓಡಿದವರನ್ನು ನಾನೂ ಕಂಡಿದ್ದೇನೆ. ಆದರೆ 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆಯ ಮುಖ್ಯಸ್ಥ ದೇಶ ಬಿಟ್ಟು ಹೋದಾಗ ಶಿವಾಜಿನಗರದ ಕಚೇರಿಯ ಮುಂದೆ ನೆರೆದವರಲ್ಲಿ, ಬಡ್ಡಿ ಪಾಪವೆಂದು ನಂಬಿ, ಲಾಭದ ಪಾಲು ಮಾತ್ರ ಧರ್ಮಸಮ್ಮತವೆಂದು ಅಲ್ಲಿ ಹಣವಿಟ್ಟವರೂ ಇದ್ದರು. ಅವರನ್ನು ಯಾವ ಬಾಯಿಯಿಂದ ಆಸೆಬುರುಕರೆನ್ನುವುದು?

ಇನ್ನು ಈಚಿನ ವರ್ಷಗಳ ಪಿಡುಗಾದ 'ಡಿಜಿಟಲ್ ಅರೆಸ್ಟ್' ಎಂಬ ನಾಟಕವನ್ನು ನೋಡಿ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎಂದೋ, ನಿಮ್ಮ ಆಧಾರ್ ಬಳಸಿ ತೆರೆದ ಖಾತೆಯಲ್ಲಿ ಕಪ್ಪುಹಣ ಹರಿದಾಡಿದೆ ಎಂದೋ ಕರೆ ಬರುತ್ತದೆ. ವಿಡಿಯೋದಲ್ಲಿ ಸಮವಸ್ತ್ರ, ಹಿಂದೆ ಠಾಣೆಯ ಫಲಕ. ಕ್ಯಾಮೆರಾದ ಮುಂದಿನಿಂದ ಏಳಬಾರದು, ಯಾರಿಗೂ ಹೇಳಬಾರದು, ಹಣವನ್ನೆಲ್ಲ 'ಪರಿಶೀಲನೆ'ಗೆ ಒಪ್ಪಿಸಬೇಕು, ನಿರಪರಾಧಿಯೆಂದಾದರೆ ಹಿಂದಿರುಗುತ್ತದೆ. ಇದರಲ್ಲಿ ಒಂದು ಕಾಸಿನ ಲಾಭದ ಆಮಿಷವುಂಟೇ? ಎದುರಿಗಿರುವವರು ಬಯಸುವುದು ತಮ್ಮ ಹೆಸರಿಗೆ ಮಸಿ ಹತ್ತದಿರಲಿ ಎಂಬುದೊಂದನ್ನೇ. ಮನೆಕಂದಾಯವನ್ನು ಗಡುವಿಗೆ ಮೊದಲೇ ಕಟ್ಟಿ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದೆ ಎಪ್ಪತ್ತು ವರ್ಷ ಬಾಳಿದವರೇ ಇದಕ್ಕೆ ಸುಲಭದ ತುತ್ತು. ನಿಜವಾದ ಖದೀಮನಾದರೆ ಇಂಥ ಕರೆಗೆ ನಕ್ಕು ಫೋನಿಡುತ್ತಾನೆ.

ಪೌರನೀತಿಯ ಪಾಠ ಮರೆತಿದ್ದರೆ ಇನ್ನೊಮ್ಮೆ ಕೇಳಿ. ಫೋನಿನ ಮೂಲಕ ಬಂಧಿಸುವ ಅವಕಾಶ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಬಂಧಿಸಿದವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಪ್ರಯಾಣದ ಸಮಯ ಮಾತ್ರ ಅದರಲ್ಲಿ ಸೇರದು. (ಎರಡು ಅಂಕದ ಪ್ರಶ್ನೆ!) ವಿಚಾರಣೆಗೆ ಹಾಜರಾಗುವ ನೋಟಿಸನ್ನು ಪೊಲೀಸರು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದರೆ ಅದು ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹರಿಯಾಣದ ವೃದ್ಧ ದಂಪತಿಗೆ ತನ್ನದೇ ಹೆಸರಿನ ನಕಲಿ ಆದೇಶ ತೋರಿಸಿ ಹಣ ದೋಚಿದ ಪ್ರಕರಣವನ್ನು ಅದು ತಾನಾಗಿಯೇ ಕೈಗೆತ್ತಿಕೊಂಡು, ಡಿಸೆಂಬರ್‌ನಲ್ಲಿ ಇಂಥ ವಂಚನೆಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ಸರ್ವೋಚ್ಚ ನ್ಯಾಯಾಲಯದ ಮುದ್ರೆಯನ್ನೇ ನಕಲು ಮಾಡುವವರು ಒಂಟಿ ಅಜ್ಜಿಯೊಬ್ಬಳನ್ನು ನಂಬಿಸಿದರೆ ಅದರಲ್ಲಿ ನಗುವಂಥದ್ದೇನು?

ನನ್ನ ಜೊತೆ ಕೆಲಸ ಮಾಡಿದ ಮುಖ್ಯೋಪಾಧ್ಯಾಯಿನಿಯೊಬ್ಬರು ಹೀಗೆ ಎರಡು ದಿನ ಫೋನಿನ ಮುಂದೆ ಕುಳಿತಿದ್ದರು. ಠೇವಣಿ ಮುರಿಸಲು ಹೋದಾಗ ಬ್ಯಾಂಕಿನವರು ಕಾರಣ ಕೇಳಿದರಂತೆ, ಕಳ್ಳರು ಮೊದಲೇ ಬಾಯಿಪಾಠ ಮಾಡಿಸಿದ್ದ ಉತ್ತರವನ್ನು ಇವರು ಒಪ್ಪಿಸಿದರು: "ಮಗನ ಮನೆ ಖರೀದಿಗೆ." ಮೋಸವೆಂದು ಅವರಿಗೆ ಮರುದಿನವೇ ಅರಿವಾಯಿತು. ಮಗನಿಗೆ ತಿಳಿಸಿದ್ದು ಹನ್ನೊಂದು ದಿನಗಳ ಮೇಲೆ. ನಕಲಿ ಪೊಲೀಸರಿಗೆ ಎರಡು ದಿನ ಹೆದರಿದವರು, ಹೆತ್ತ ಮಗನಿಗೆ ಹನ್ನೊಂದು ದಿನ ಹೆದರಿದರು! ಹಿಂದೊಮ್ಮೆ ತಪ್ಪು ಗುಂಡಿ ಒತ್ತಿ ಮುನ್ನೂರು ರೂಪಾಯಿಯ ರೀಚಾರ್ಜ್ ಎರಡು ಬಾರಿ ಮಾಡಿದ್ದಕ್ಕೆ ಆ ಹುಡುಗ ಅತಿಥಿಗಳ ಮುಂದೆಯೇ ಗೇಲಿ ಮಾಡಿದ್ದನಂತೆ. ಅವನು ಕೆಟ್ಟವನಲ್ಲ, ತಾಯಿಯ ಔಷಧಿಯ ವಿಚಾರದಲ್ಲಿ ಒಂದು ದಿನವೂ ತಪ್ಪಿದವನಲ್ಲ. ಆದರೆ ಆ ಗೇಲಿಯನ್ನು ತಾಯಿ ಮರೆತಿರಲಿಲ್ಲ.

ಆ ಹನ್ನೊಂದು ದಿನಗಳ ಬೆಲೆಯೇನೆಂದು ತಿಳಿಯಬೇಕಾದರೆ ಕಳವಿನ ಹಣದ ದಾರಿಯನ್ನು ನೋಡಬೇಕು. ಅದು ಮೊದಲು ಯಾರದೋ ಬಾಡಿಗೆ ಖಾತೆಗೆ ಸೇರುತ್ತದೆ. ಅಲ್ಲಿಂದ ಹತ್ತಾರು ಖಾತೆಗಳಿಗೆ ಹಂಚಿಹೋಗಿ, ನಗದಾಗಿಯೋ ಕ್ರಿಪ್ಟೋ ನಾಣ್ಯವಾಗಿಯೋ ಕೆಲವೇ ಗಂಟೆಗಳಲ್ಲಿ ಕಣ್ಮರೆಯಾಗುತ್ತದೆ. 1930 ಎಂಬ ಸಹಾಯವಾಣಿಗೆ ತಕ್ಷಣ ಕರೆ ಮಾಡಿದರೆ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದಲ್ಲಿ ಅದನ್ನು ಬ್ಯಾಂಕು ತಡೆಹಿಡಿಯಬಲ್ಲದು. ತಡವಾದಷ್ಟೂ ತಡೆಹಿಡಿಯಲು ಏನೂ ಉಳಿದಿರುವುದಿಲ್ಲ. ಹೇಳಿಕೊಳ್ಳಲು ನಾಚಿ ಕಳೆದ ಪ್ರತಿಯೊಂದು ಗಂಟೆಯೂ ಕಳ್ಳನ ಪಾಲಿಗೆ ಲಾಭ. ಆ ನಾಚಿಕೆಯನ್ನು ಉಂಟುಮಾಡುವವರು ಕಾಂಬೋಡಿಯಾದಲ್ಲೋ ಮ್ಯಾನ್ಮಾರಿನಲ್ಲೋ ಕುಳಿತ ಕಳ್ಳರಲ್ಲ, ಕಾಫಿ ಕುಡಿಯುತ್ತ ತೀರ್ಪು ಕೊಡುವ ನಾವು. 2025ರ ಮಾರ್ಚ್‌ನಲ್ಲಿ ನಮ್ಮ ಖಾನಾಪುರ ತಾಲೂಕಿನ ಹಳ್ಳಿಯೊಂದರಲ್ಲಿ ಹೀಗೆ ವಂಚನೆಗೊಳಗಾದ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಅದನ್ನು ಓದಿದ ಮೇಲೂ "ಅಷ್ಟು ಓದಿದವರಿಗೆ" ಎನ್ನುವ ಮಾತು ಯಾರಿಗಾದರೂ ಬಾಯಿಗೆ ಬಂದರೆ ನನಗೆ ಅವರೊಡನೆ ವಾದವಿಲ್ಲ.

ಬೆಂಗಳೂರಿನಲ್ಲಿಯೂ ಅಮೆರಿಕೆಯಲ್ಲಿಯೂ ಇರುವ ನನ್ನ ವಿದ್ಯಾರ್ಥಿಗಳು ಹಬ್ಬಕ್ಕೆ ಬಂದಾಗ ತಂದೆತಾಯಿಗೆ ಹೊಸ ಫೋನು ಕೊಟ್ಟು, "ಒಟಿಪಿ ಯಾರಿಗೂ ಹೇಳಬೇಡಮ್ಮ" ಎಂದು ಎಚ್ಚರಿಸಿ ಹೋಗುತ್ತೀರಿ. ಒಳ್ಳೆಯದೇ. ಮುಂದಿನ ಸಲ ಇನ್ನೊಂದು ಮಾತನ್ನೂ ಸೇರಿಸಿ: "ಯಾರಾದರೂ ಹೆದರಿಸಿದರೆ ಮೊದಲು ನನಗೆ ಫೋನ್ ಮಾಡಮ್ಮ, ರಾತ್ರಿ ಎರಡು ಗಂಟೆಯಾದರೂ ಸರಿ, ಎಷ್ಟೇ ಹೋಗಿದ್ದರೂ ನಾನು ಬೈಯುವುದಿಲ್ಲ." ಕೊನೆಯ ನಾಲ್ಕು ಪದಗಳನ್ನು ನುಂಗಬೇಡಿ, ಆಡಿದ ಮೇಲೆ ಮಾತು ತಪ್ಪಲೂಬೇಡಿ. ಹೊರಡುವ ಮುನ್ನ ಗೋಡೆಯ ಕ್ಯಾಲೆಂಡರಿನ ಮೇಲೆ, ಗ್ಯಾಸ್ ಸಿಲಿಂಡರಿನವರ ಸಂಖ್ಯೆಯ ಪಕ್ಕದಲ್ಲೇ, 1930 ಎಂದು ಅಮ್ಮನ ಕಣ್ಣಿಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡದಾಗಿ ಬರೆದಿಟ್ಟು ಬನ್ನಿ.