ಯತ್ನಕ್ಕೊಂದು ಹೆಸರು, ಫಲಕ್ಕೊಂದು ಹೆಸರು

ಕ್ರೀಡಾನಿಯಮಗಳ ಭಾಷೆಗೂ ಸಾಹಿತ್ಯದ ವಿದ್ಯಾರ್ಥಿಗೂ ಸಂಬಂಧವಿಲ್ಲವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಪದವೊಂದರ ಅರ್ಥ ಎಲ್ಲಿಗೆ ನಿಲ್ಲಬೇಕೆಂಬುದು ತೀರ್ಪುಗಾರನ ಸೀಟಿಯ ಮುಂದೆ ಪರೀಕ್ಷೆಗೊಳಗಾಗುವಷ್ಟು ಕಠಿಣವಾಗಿ ಬೇರೆಡೆ ಒಳಗಾಗುವುದು ವಿರಳ.

ಅಮೆರಿಕನ್ ಫುಟ್‌ಬಾಲಿನಲ್ಲಿ ಟಚ್‌ಡೌನ್‌ಗೆ 6 ಅಂಕ. ಆಮೇಲೆ ಆ ತಂಡಕ್ಕೆ ಇನ್ನೊಂದು ಅವಕಾಶ ದೊರೆಯುತ್ತದೆ: ಚೆಂಡನ್ನು ಗೋಲುಕಂಬಗಳ ನಡುವೆ ಒದ್ದರೆ 1 ಅಂಕ, ಮತ್ತೆ ಅಂತಿಮ ವಲಯಕ್ಕೆ ಕೊಂಡೊಯ್ದರೆ 2 ಅಂಕ. ಪ್ರೇಕ್ಷಕರು ಇದನ್ನು ‘ಹೆಚ್ಚುವರಿ ಅಂಕ’ ಎನ್ನುತ್ತಾರೆ. ನಿಯಮಗ್ರಂಥ ಮಾತ್ರ ‘ಟ್ರೈ’, ಎಂದರೆ ‘ಯತ್ನ’, ಎನ್ನುತ್ತದೆ. ಅಂಕ ಇನ್ನೂ ಬಂದಿಲ್ಲ, ಬಾರದೆಯೂ ಹೋಗಬಹುದು. ಫಲವನ್ನು ಮೊದಲೇ ನುಡಿದುಬಿಡುವ ಹೆಸರು ತೀರ್ಪಿಗೆ ಒದಗದು.

ನಮ್ಮ ಕಬಡ್ಡಿಯಲ್ಲಿ ಈ ಭೇದ ಇನ್ನೂ ಸೂಕ್ಷ್ಮವಾದುದು. ‘ದಾಳಿ’ ಎಂಬುದು ಯತ್ನದ ಹೆಸರು. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರದ ಬಾಕ್ ಗೆರೆಯನ್ನು ದಾಟಿ, ಯಾರನ್ನೂ ಮುಟ್ಟದೆ, ಸಿಕ್ಕಿಬೀಳದೆ ಮರಳಿದರೆ ಅದು ಖಾಲಿ ದಾಳಿ, ಯಾರಿಗೂ ಅಂಕವಿಲ್ಲ. ಯಾರನ್ನೂ ಮುಟ್ಟದೆ, ಆ ಗೆರೆಯನ್ನೂ ದಾಟದೆ ಮರಳಿದವನು ಔಟ್, ಎದುರಾಳಿಗೆ ಅಂಕ. ಈ ಎರಡನ್ನೂ ‘ವಿಫಲ ದಾಳಿ’ ಎಂದು ಒಂದೇ ಮಾತಿನಲ್ಲಿ ಬರೆದರೆ ನಿಯಮದ ತಿರುಳೇ ಅಳಿಸಿಹೋಗುತ್ತದೆ. ಏಕೆಂದರೆ ಎರಡು ಖಾಲಿ ದಾಳಿಗಳ ಬೆನ್ನಿಗೆ ಬರುವ ಮೂರನೆಯದೇ ‘ಮಾಡು ಇಲ್ಲವೆ ಮಡಿ’ ದಾಳಿ; ಆಗ ಅಂಕ ತರದವನು ಔಟ್.

ಈ ವಿವೇಚನೆಗೆ ಗಡಿಯಾಚೆಯ ಕನ್ನಡವೂ ನೆರವಾದೀತು. ಸೂಲೂರನ್ನು ಒಳಗೊಂಡ ಕೊಯಮತ್ತೂರು ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ, ಒಕ್ಕಲಿಗ ಕುಟುಂಬಗಳಿವೆ. ಶಾಲೆ, ಬೀದಿಗಳ ನುಡಿ ತಮಿಳು. ಕಬಡ್ಡಿಯ ದಾಳಿಯನ್ನು ತಮಿಳಿನಲ್ಲಿ ‘ಪಾಡುವುದು’ ಎನ್ನುವ ರೂಢಿಯಿದೆ. ಈ ‘ಪಾಡು’ ಹಳಗನ್ನಡದ್ದೂ ಹೌದು. ಪಕಾರ ಹಕಾರವಾಗಿ ನಮ್ಮಲ್ಲಿ ‘ಹಾಡು’ ಆಯಿತು. ‘ದಾಳಿ’ ನುಗ್ಗುವಿಕೆಯನ್ನು ಹೆಸರಿಸಿದರೆ, ‘ಪಾಡು’ ಉಸಿರು ಬಿಡದೆ ‘ಕಬಡ್ಡಿ’ ಎನ್ನುತ್ತಿರಬೇಕೆಂಬ ನಿಯಮವನ್ನೇ ಹೆಸರಿಸುತ್ತದೆ. ಎರಡೂ ಯತ್ನದ ಹೆಸರುಗಳೇ. ಯಾವುದೂ ಫಲದ ಆಶ್ವಾಸನೆ ಕೊಡುವುದಿಲ್ಲ.

ಆದುದರಿಂದ ಕನ್ನಡಕ್ಕೆ ಬೇಕಾದುದು ‘ಬೋನಸ್’, ‘ಲೋನಾ’, ‘ಔಟ್’ಗಳನ್ನು ಹೊರದೂಡುವ ಹಟವಲ್ಲ, ಅವು ರೂಢಿಗೆ ಬಂದು ಬಾಳಲಿ. ಬೇಕಾದುದು ಯತ್ನ, ಫಲ, ದಂಡ ಎಂಬ ಮೂರನ್ನು ಬೇರೆಬೇರೆಯಾಗಿ ನುಡಿಯುವ ಶಿಸ್ತು. ಮೈದಾನದಲ್ಲಿ ಒಂದು ಅಂಕಕ್ಕಾಗಿ ನ್ಯಾಯ ಕೇಳಲು ಒದಗದ ಮನೆಮಾತು, ಕ್ರಮೇಣ ಅಡುಗೆಮನೆಗೂ ಮಗ್ಗದ ಕೋಣೆಗೂ ಸರಿದುಬಿಡುತ್ತದೆ. ಸೂಲೂರಿನ ಹುಡುಗನಿಗಿರುವ ಈ ಅಪಾಯ, ಪಂದ್ಯದ ವಿವರಣೆಯನ್ನು ಇಂಗ್ಲಿಷಿನಲ್ಲೇ ಕೇಳಿ ಬೆಳೆಯುವ ಬೆಂಗಳೂರಿನ ಹುಡುಗನಿಗೂ ತಪ್ಪಿದ್ದಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಬಡ್ಡಿಯ ನಿಯಮಗಳನ್ನು ಕನ್ನಡದಲ್ಲಿ ಬರೆದು, ಕಾಲೇಜಿನ ತಂಡದ ಮುಂದೆ ಓದಿ, ಆಟಗಾರರ ಆಕ್ಷೇಪಗಳಿಗೆ ತಕ್ಕಂತೆ ತಿದ್ದಲಿ. ಆಟಗಾರರ ತಕರಾರಿಗೆ ನಿಲ್ಲುವ ಪದವೇ ಪರಿಭಾಷೆ ಎನಿಸಿಕೊಳ್ಳಲು ಅರ್ಹ.