ಮೈಸೂರಿನ ಮನೆ, ಇಂಗ್ಲೆಂಡಿನ ತೆರಿಗೆ

ಪುಟಾಣಿಗಳೇ, ಮೊನ್ನೆ ಪಕ್ಕದ ಮನೆಯ ಅಜ್ಜಿ ಮುಖ ಸಪ್ಪೆ ಮಾಡಿಕೊಂಡು ಬಂದರು. "ನಾವಿರುವ ಈ ಮೈಸೂರಿನ ಮನೆ ಮಗಳ ಹೆಸರಿನಲ್ಲಿದೆಯಲ್ಲ, ಅದರಿಂದ ಅವಳಿಗೆ ಇಂಗ್ಲೆಂಡಿನಲ್ಲಿ 15,000 ಪೌಂಡ್ ದಂಡವಂತೆ. ಮಾರಿಬಿಡೋಣ ಅಂತಿದ್ದಾರೆ ಇವರು" ಎಂದರು. ಕಣ್ಣಲ್ಲಿ ನೀರಿತ್ತು.

ದಂಡವಲ್ಲ, ತೆರಿಗೆ. ನಮ್ಮಲ್ಲಿ ಮನೆ ಕೊಂಡರೆ ಮುದ್ರಾಂಕ ಶುಲ್ಕ ಕಟ್ಟುವುದಿಲ್ಲವೇ, ಹಾಗೆ. ಮಗಳು ಪುಟ್ಟ ಫ್ಲಾಟಿನಲ್ಲಿದ್ದಾಳೆ. ಎರಡನೆಯ ಮಗು ಹುಟ್ಟಿದ ಮೇಲೆ 3,00,000 ಪೌಂಡಿನ ಮನೆಯೊಂದನ್ನು ನೋಡಿದ್ದಾಳೆ. ಪೆನ್ಸಿಲ್ ತನ್ನಿ, ಲೆಕ್ಕ ಹಾಕೋಣ. ಮೊದಲ 1,25,000ಕ್ಕೆ ತೆರಿಗೆಯಿಲ್ಲ. ಮುಂದಿನ 1,25,000ಕ್ಕೆ ಶೇ. 2, ಅಂದರೆ 2,500. ಉಳಿದ 50,000ಕ್ಕೆ ಶೇ. 5, ಮತ್ತೆ 2,500. ಒಟ್ಟು 5,000 ಪೌಂಡ್.

ಆದರೆ ಒಂದು ಮನೆಯಿದ್ದೂ ಇನ್ನೊಂದನ್ನು ಕೊಳ್ಳುವವರು ಪೂರ್ತಿ ಬೆಲೆಯ ಮೇಲೆ ಇನ್ನೂ ಶೇ. 5 ಕೊಡಬೇಕು. ಅದೇ ಆ 15,000. 2016ರಲ್ಲಿ ಶೇ. 3 ಇದ್ದದ್ದು 2024ರ ಅಕ್ಟೋಬರ್ 31ರಿಂದ 5 ಆಯಿತು. ಎರಡನೆಯ ಮನೆ ಲೋಕದ ಯಾವ ಮೂಲೆಯಲ್ಲಿದ್ದರೂ, 40,000 ಪೌಂಡ್ ಬಾಳುವಂತಿದ್ದರೆ, ಲೆಕ್ಕಕ್ಕೆ ಬರುತ್ತದೆ. ಹೆತ್ತವರಿಗೆ ನೆರಳಾದ ಮನೆಯನ್ನೂ ಎಣಿಸುವುದು ನನಗೇನೋ ಸರಿ ಕಾಣದು, ಇರಲಿ.

ಅಜ್ಜಿಗೆ ಯಾರೂ ಹೇಳದ ಮಾತು ಒಂದಿದೆ. ತಾನು ವಾಸವಿದ್ದ ಮುಖ್ಯ ಮನೆಯನ್ನು ಮಾರಿ, ವಾಸಕ್ಕೆಂದೇ ಇನ್ನೊಂದನ್ನು ಕೊಂಡರೆ ಈ ಹೆಚ್ಚುವರಿ ತೆರಿಗೆ ಇಲ್ಲ, ಬೇರೆ ಕಡೆ ಮನೆಯಿದ್ದರೂ ಇಲ್ಲ. ಹಳೆಯ ಬ್ಯಾಗ್ ಕೊಟ್ಟು ಹೊಸದು ತಂದರೆ ಮನೆಯಲ್ಲಿ ಬ್ಯಾಗುಗಳು ಹೆಚ್ಚಾಗುವುದಿಲ್ಲವಲ್ಲ! ಅಂದರೆ ಮಾರಬೇಕಾದ್ದು ಫ್ಲಾಟನ್ನು, ಮೈಸೂರಿನ ಮನೆಯನ್ನಲ್ಲ. ಫ್ಲಾಟನ್ನು ಬಾಡಿಗೆಗೆಂದು ಇಟ್ಟುಕೊಂಡರೆ ಮಾತ್ರ, ಮೈಸೂರಿನದನ್ನು ಮಾರಿದರೂ ಕಟ್ಟಲೇಬೇಕು.

ಫ್ಲಾಟು ಮಾರುವ ಮೊದಲೇ ಹೊಸ ಮನೆ ಕೈಗೆ ಬಂದರೆ? ಆಗ ಮೊದಲು 20,000 ಪೌಂಡನ್ನೂ ಕಟ್ಟಬೇಕು, ಅದೂ 14 ದಿನದೊಳಗೆ. ಮೂರು ವರ್ಷದೊಳಗೆ ಫ್ಲಾಟು ಮಾರಿ ಅರ್ಜಿ ಹಾಕಿದರೆ 15,000 ವಾಪಸ್ಸು. ಮಾರಿದ ಮೇಲೆ ವರ್ಷದೊಳಗೇ ಅರ್ಜಿ ಹೋಗುವುದು ಕ್ಷೇಮ. ಸ್ಕಾಟ್ಲೆಂಡ್, ವೇಲ್ಸ್‌ಗಳ ನಿಯಮ ಬೇರೆ.

ಅಜ್ಜಿ ಎರಡು ಸಲ ಹೇಳಿಸಿಕೊಂಡು, ಫೋನಿನಲ್ಲಿ ಮಗಳಿಗೂ ಹೇಳಿದರು. ಅಲ್ಲಿನ ವಕೀಲರನ್ನು ಕೇಳುತ್ತೇನೆ ಎಂದಳಂತೆ. ಈಗ ಮನೆ ಮಾರುವ ಮಾತು ನಿಂತಿದೆ. ಫ್ಲಾಟಿಗೆ ಬೇಗ ಗಿರಾಕಿ ಸಿಗಲಿ ಎಂದು ಅಜ್ಜಿ ಚಾಮುಂಡಿಗೆ ಹರಕೆ ಹೊತ್ತಿದ್ದಾರೆ.