ಏಜೆಂಟನಿಗೆ ಊರಿನ ವೀಸಾ ಬೇಡವೇ?



ಬೆಳೆದದ್ದಕ್ಕೆ ಬೆಲೆ ಇಲ್ಲ, ಮಗನಾದರೂ ದುಬೈಗೆ ಹೋಗಿ ದುಡಿಯಲಿ ಎಂದು ಪಹಣಿ ಹಿಡಿದು ಸಾಹುಕಾರನ ಮನೆಗೆ ಹೊರಟಿದ್ದೀರಾ? ಹೋಗುವ ಮೊದಲು ಜಗಲಿ ಮೇಲೆ ಎರಡು ನಿಮಿಷ ಕೂತು ಇದನ್ನು ಓದಿ.

ನಾನೂ ಹಾಗೇ ಹೊರಟವನು. ತಮ್ಮನ ಮಗನಿಗೆ ವೀಸಾ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ ಬಂದ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 1,20,000 ರೂಪಾಯಿ ಎತ್ತಿ ಅವನ ಕೈಗಿಟ್ಟೆವು. ರಸೀದಿ ಕೇಳಲಿಲ್ಲ. ಹುಡುಗ ಅಲ್ಲಿ ಇಳಿದ ಮೇಲೆ ಗೊತ್ತಾಯಿತು, ಅದು ಕೆಲಸದ ವೀಸಾ ಅಲ್ಲ, 60 ದಿನದ ವಿಸಿಟ್ ವೀಸಾ. ಅದರ ಮೇಲೆ ಕೂಲಿ ಮಾಡಿದರೆ ಆ ದೇಶದ ಕಾನೂನಿಗೆ ಅಪರಾಧ. ಅವಧಿ ಮೀರಿದರೆ ದಿನದ ಲೆಕ್ಕದಲ್ಲಿ ದಂಡ. ಹುಡುಗ ಬರಿಗೈಲಿ ಬಂದ. ಬಡ್ಡಿ ಮಾತ್ರ ತಿಂಗಳಿಗೆ 3,600, ವರ್ಷಕ್ಕೆ 43,200 ರೂಪಾಯಿ, ಮಳೆ ಬರಲಿ ಬಿಡಲಿ ಬೆಳೆಯುತ್ತಲೇ ಹೋಯಿತು.

ಕಾನೂನು ಇಲ್ಲವೇ ಅಂದರೆ, ಇದೆ. 1983ರ ವಲಸೆ ಕಾಯ್ದೆ ಪ್ರಕಾರ, ಕೇಂದ್ರ ಸರ್ಕಾರದ ನೋಂದಣಿ ಇಲ್ಲದ ಏಜೆಂಟ್ ಯಾರನ್ನೂ ಹೊರದೇಶದ ಕೆಲಸಕ್ಕೆ ಕಳಿಸುವಂತಿಲ್ಲ. ನೋಂದಣಿ ಇದ್ದವನೂ ಸೇವಾಶುಲ್ಕವೆಂದು 30,000 ರೂಪಾಯಿ, ಅದರ ಮೇಲಿನ ತೆರಿಗೆ, ಇಷ್ಟು ಬಿಟ್ಟು ಹೆಚ್ಚು ಕೇಳುವಂತಿಲ್ಲ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ವಲಸೆ ಅನುಮತಿ ಬೇಕು. ಹಾಗೆ ಹೋದವನಿಗೆ ಎರಡು ವರ್ಷಕ್ಕೆ 275 ರೂಪಾಯಿ ಕಂತಿನಲ್ಲಿ 10 ಲಕ್ಷದ ಅಪಘಾತ ವಿಮೆಯೂ ಉಂಟು. ಏಜೆಂಟ್ ವಿಸಿಟ್ ವೀಸಾ ಹಿಡಿಸುವ ಗುಟ್ಟು ಇಲ್ಲೇ ಇದೆ. ಊರು ನೋಡಲು ಹೊರಟವನಿಗೆ ಕರಾರೂ ಇಲ್ಲ, ತಪಾಸಣೆಯೂ ಇಲ್ಲ, ವಿಮೆಯೂ ಇಲ್ಲ!

ಈಗ ಹೇಳಿ. ಸೊಸೈಟಿ ಸಾಲದ ಕಂತು ತಪ್ಪಿದರೆ ನಮ್ಮ ಬಾಗಿಲಿಗೆ ನೋಟೀಸು ಬರುತ್ತೆ. ನಾಲ್ಕು ಪಟ್ಟು ವಸೂಲು ಮಾಡಿದ ಏಜೆಂಟನ ಬಾಗಿಲಿಗೆ ಯಾಕೆ ಬರಲ್ಲ? ಅಪ್ಪನ ಬೆಳೆಗೆ ನ್ಯಾಯವಾದ ಬೆಲೆ ಕೊಡದೆ, ಮಗ ಪರದೇಶದಿಂದ ಕಳಿಸುವ ಹಣವನ್ನು ಎಣಿಸಿ ಹೆಮ್ಮೆಪಡುವ ಸರ್ಕಾರ ಇದಕ್ಕೆ ಉತ್ತರ ಕೊಡಬೇಕು.

ತಪ್ಪು ನಮ್ಮದೂ ಇದೆ. ಮಾನ ಹೋಗುತ್ತೆ ಅಂತ ನಾವು ಬಾಯಿ ಬಿಡಲಿಲ್ಲ. ಅದೇ ಏಜೆಂಟ್ ಪಕ್ಕದೂರಿಗೆ ಹೋದ.

1980ರ ದಶಕದಲ್ಲಿ ರೈತ ಸಂಘದ ಹಿರಿಯರು, ಅನುಮತಿ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಊರಬಾಗಿಲಲ್ಲಿ ಬೋರ್ಡು ನೆಟ್ಟಿದ್ದರು. ಆ ಬೋರ್ಡು ಈಗ ಏಜೆಂಟನಿಗೂ ಬೇಕು. ನಮ್ಮ ಮಗನಿಗೆ ಅವರ ದೇಶಕ್ಕೆ ಕಾಲಿಡಲು ವೀಸಾ ಬೇಕಾದರೆ, ಏಜೆಂಟನಿಗೆ ನಮ್ಮೂರಿಗೆ ಕಾಲಿಡಲು ಬೇಡವೇ?

ಅವನು ಗ್ರಾಮಸಭೆಯ ಮುಂದೆ ನಿಂತು ನೋಂದಣಿ ಸಂಖ್ಯೆ ತೋರಿಸಲಿ. ಓದಿದ ಹುಡುಗರು ಅದನ್ನು ಸರ್ಕಾರದ ಪಟ್ಟಿಯಲ್ಲಿ ನೋಡಿ ಹೇಳಲಿ. ಕರಾರುಪತ್ರ ಕೈಗೆ ಬರುವ ತನಕ ಒಂದು ಕಾಸೂ ಕೊಡಬೇಡಿ. ಕೊಡುವುದನ್ನು ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. ಮೋಸ ಹೋದವರು ಸಂಘಕ್ಕೆ ಬಂದು ಹೇಳಿ. ಠಾಣೆಗೆ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗೋಣ.

ಮಗ ಹೋಗಲಿ, ಬೇಡವೆನ್ನುವುದಿಲ್ಲ. ಆದರೆ ವೀಸಾಕ್ಕಾಗಿ ಪಹಣಿ ಅಡವಿಡಬೇಡಿ. ಅವನು ವಾಪಸು ಬಂದಾಗ ನಿಲ್ಲಲು ಆ ನೆಲವಾದರೂ ಇರಲಿ.